ಹಾರಲು ಸಜ್ಜಾದ ಹಲ್ಲಿ, ಹರಳಾಗಿ ನಿಂತ ಕಾರ್ಬೀನ್

ಬೇಲೂರಿನ ಚೆನ್ನಕೇಶವ ಗುಡಿಯ ಸೂರಿನ ಕೆಳಗೆ ಮದನಿಕೆಯೊಬ್ಬಳ ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರ. ಅದರಲ್ಲೊಂದು ಹಲಸಿನ ಹಣ್ಣು, ಹಣ್ಣಿನ ಮೇಲೊಂದು ನೊಣ, ನೊಣದ ಮೇಲೆ ಕಣ್ಣಿಟ್ಟ ಹಲ್ಲಿ. ಗೈಡ್ ಟಾರ್ಚ್ ಬಿಟ್ಟು, "ನೋಡಿ ಸಾರ್, ಈಗ ಹಾರುತ್ತೆ" ಅಂದರು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಗುಡಿ. ಒಂಬೈನೂರು ವರ್ಷ ದಾಟಿದರೂ ಹಲ್ಲಿ ಹಾರಿಲ್ಲ, ನೊಣ ಬದುಕಿದೆ. ಕತ್ತು ನೋಯುವವರೆಗೂ ನೋಡುತ್ತ ನಿಂತೆ.

ರಸಾಯನಶಾಸ್ತ್ರ ಓದಿದವನಿಗೆ ಆ ಹಸಿವು ಗುರುತು ಸಿಗುತ್ತದೆ. ಇಂಗಾಲಕ್ಕೆ ಸಾಮಾನ್ಯವಾಗಿ ನಾಲ್ಕು ಬಂಧ, ಸುತ್ತ ಎಂಟು ಎಲೆಕ್ಟ್ರಾನ್. ಕಾರ್ಬೀನಿನಲ್ಲಿ ಬಂಧ ಎರಡೇ, ಎಲೆಕ್ಟ್ರಾನ್ ಆರೇ. ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್ ಜೋಡಿಯಾಗಿದ್ದರೆ ಸಿಂಗ್ಲೆಟ್, ಬಿಡಿಬಿಡಿಯಾಗಿದ್ದರೆ ಟ್ರಿಪ್ಲೆಟ್. ಅತಿ ಸರಳ ಕಾರ್ಬೀನ್ ಮೆಥಿಲೀನ್. ಸಿಂಗ್ಲೆಟ್ಟಿನಲ್ಲಿ ಅದರ ಕೋನ ಸುಮಾರು 102 ಡಿಗ್ರಿ, ಟ್ರಿಪ್ಲೆಟ್ಟಿನಲ್ಲಿ ಸುಮಾರು 135. ಎದುರು ದ್ವಿಬಂಧ ಸಿಕ್ಕಿತೋ, ಎರಗಿ ಮೂರು ಇಂಗಾಲದ ಪುಟ್ಟ ಉಂಗುರ ಕಟ್ಟಿಬಿಡುತ್ತದೆ. ಇಂಥದ್ದನ್ನು ಸೀಸೆಯಲ್ಲಿ ತುಂಬಿಡುವುದು ಆಗದ ಮಾತೆಂದೇ ಬಹುಕಾಲ ತಿಳಿದಿದ್ದರು.

1991ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಆಂಥನಿ ಆರ್ಡುಯೆಂಗೊ ಮತ್ತು ಸಂಗಡಿಗರು ಒಂದು ಕಾರ್ಬೀನನ್ನು ಹರಳಾಗಿ ನಿಲ್ಲಿಸಿದರು. ಆ ಇಂಗಾಲದ ಎಡಬಲಕ್ಕೆ ಎರಡು ಸಾರಜನಕ. ಅವು ತಮ್ಮ ಎಲೆಕ್ಟ್ರಾನ್ ಹಂಚಿ ಹಸಿವು ತಣಿಸುತ್ತವೆ. ಸಾರಜನಕಗಳಿಗೆ ಅಂಟಿದ ದಪ್ಪ ಅಡಮಾಂಟೈಲ್ ಗುಂಪುಗಳು ಇತರ ಅಣುಗಳನ್ನು ಹತ್ತಿರ ಬಿಡುವುದಿಲ್ಲ. ಗಾಳಿ, ತೇವ ತಾಗದಂತೆ ಇಟ್ಟರೆ ಸಾಕು, ಹರಳು ಕರಗಲು 240 ಡಿಗ್ರಿ ಸೆಲ್ಸಿಯಸ್ ಬೇಕು! ಹಾರಲಿರುವ ಹಲ್ಲಿಯನ್ನು ಬಳಪದ ಕಲ್ಲಿನಲ್ಲಿ ಹಿಡಿದ ರೂವಾರಿಯ ಮುಂದೆ ಆಗುವ ಬೆರಗೇ ನನಗೆ ಈ ಹರಳಿನ ಮುಂದೆಯೂ ಆಗುತ್ತದೆ.

ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿನಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದರೆ ಬೆರಗು ಇನ್ನೂ ಹತ್ತಿರ ಬಂತು. ರಾಗಿಯಲ್ಲಿ ಥಯಮಿನ್ ಇದೆ, ಅಂದರೆ ಬಿ1 ಜೀವಸತ್ವ. ಅದರ ಒಂದು ಉಂಗುರದಲ್ಲಿ ಸಾರಜನಕಕ್ಕೂ ಗಂಧಕಕ್ಕೂ ನಡುವೆ ಒಂದು ಇಂಗಾಲ ಕೂತಿದೆ. ಆ ಇಂಗಾಲ ತನ್ನ ಹೈಡ್ರೋಜನ್ನನ್ನು ಪ್ರೋಟಾನಾಗಿ ಕಳಚಿಕೊಂಡರೆ ಉಳಿಯುವುದು ಕಾರ್ಬೀನಿನ ರೂಪ. ಥಯಮಿನ್ನಿನ ಗುಟ್ಟೆಲ್ಲ ಆ ಒಂದು ಇಂಗಾಲದಲ್ಲಿದೆ ಎಂದು ರಸಾಯನಶಾಸ್ತ್ರಜ್ಞ ರೊನಾಲ್ಡ್ ಬ್ರೆಸ್ಲೊ 1958ರಲ್ಲೇ ಬಿಡಿಸಿ ಹೇಳಿದರು. ಸೀಸೆಗೆ ಸಿಗದ ವಸ್ತು ನಮ್ಮ ಒಂದೊಂದು ಜೀವಕೋಶದಲ್ಲೂ ದುಡಿಯುತ್ತಿತ್ತು! ಅಲ್ಲಿ ಅದು ಎಲೆಕ್ಟ್ರಾನ್ ಕಸಿಯುವುದಿಲ್ಲ, ಕೊಡುತ್ತದೆ. ತಿಂದ ಅನ್ನದ ಸಕ್ಕರೆ ಮುರಿದು ಬಂದ ಪೈರುವೇಟಿಗೆ ಬಂಧ ಬೆಸೆದು, ಅದರ ಮೂರು ಇಂಗಾಲಗಳಲ್ಲಿ ಒಂದನ್ನು ಇಂಗಾಲದ ಡೈಆಕ್ಸೈಡಾಗಿ ಬಿಡಿಸುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದರ ಪಾಲೂ ಉಂಟು.

ಊಟ ಮುಗಿಸಿ ಚಿಕ್ಕಮಗಳೂರಿನ ಬಸ್ ಹತ್ತಿದೆ. ಮುಂದೆ ಹೋದಂತೆ ಕಾಫಿ ತೋಟಗಳು ಶುರುವಾದವು. ಆ ಎಲೆಗಳೊಳಗೂ ಟ್ರಾನ್ಸ್‌ಕೀಟೋಲೇಸ್ ಎಂಬ ಕಿಣ್ವ ಅದೇ ಥಯಮಿನ್ನನ್ನು ಇಟ್ಟುಕೊಂಡು, ಒಂದು ಸಕ್ಕರೆಯಿಂದ ಎರಡು ಇಂಗಾಲದ ತುಂಡು ತೆಗೆದು ಇನ್ನೊಂದಕ್ಕೆ ಜೋಡಿಸುತ್ತಿರುತ್ತದೆ. ಗಾಳಿಯ ಇಂಗಾಲವನ್ನು ಎಲೆ ಸಕ್ಕರೆಯಾಗಿಸುವ ಚಕ್ರ ಈ ಕೆಲಸವಿಲ್ಲದೆ ತಿರುಗದು. ಕಾಫಿ ಗಿಡಕ್ಕೂ ಅಷ್ಟೇ, ಅದಕ್ಕೆ ನೆರಳು ಕೊಡುವ ಮರಕ್ಕೂ ಅಷ್ಟೇ, ಬೇಲೂರಿನ ಹೊಲದ ರಾಗಿಗೂ ಅಷ್ಟೇ.