ಒಂದು ಗಂಟೆ ಮುಂದಿರುವ ತೋಟ

ಜೋರ್ಹಾಟಿನ ಚಹಾ ತೋಟಕ್ಕೆ ನಾನು ತಲುಪಿದ್ದು ಸರಿಯಾಗಿ ಒಂಬತ್ತಕ್ಕೆ. ಕಚೇರಿಯ ಗಡಿಯಾರದಲ್ಲಿ ಆಗಲೇ ಹತ್ತು! ಬ್ರಿಟಿಷರ ಕಾಲದಿಂದಲೂ ಅಸ್ಸಾಮಿನ ತೋಟಗಳದು ‘ಬಾಗಾನ್ ಟೈಮ್’, ನಮಗಿಂತ ಒಂದು ಗಂಟೆ ಮುಂದೆ.

ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿಯ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಜೋರ್ಹಾಟ್ ಅದರಿಂದ ಬಲು ಪೂರ್ವಕ್ಕಿದೆ. ಜೂನ್‌ನಲ್ಲಿ ನಾಲ್ಕೂವರೆಯೊಳಗೇ ಸೂರ್ಯೋದಯ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯಾಸ್ತ. ನಮ್ಮ ಮಂಗಳೂರಿನ ಮಕ್ಕಳು ಆಗಿನ್ನೂ ಆಟಕ್ಕಿಳಿಯುವ ಹೊತ್ತು. ಇಲ್ಲಿನವರಿಗೆ ದೀಪದಡಿ ಪುಸ್ತಕ ಬಿಡಿಸುವ ಹೊತ್ತು, ಪಾಪ!

ಈಶಾನ್ಯಕ್ಕೇ ಬೇರೆ ಸಮಯ ಕೊಡಿ ಎಂಬ ಬೇಡಿಕೆ ಹಳೆಯದು. 2018ರಲ್ಲಿ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯದ ವಿಜ್ಞಾನಿಗಳೂ ಅದನ್ನೇ ಸೂಚಿಸಿದರು. ಬೇಡವೆನ್ನುವವರಿಗೆ ರೈಲಿನ ಚಿಂತೆ: ಗಡಿಯಲ್ಲಿ ಗಡಿಯಾರ ತಿರುಗಿಸಲು ಮರೆತರೆ ಅಪಘಾತವಾದೀತು.

ತೋಟದ ಗುಮಾಸ್ತರನ್ನು ಕೇಳಿದೆ. ನಕ್ಕರು. “ರೈಲು ಹಿಡಿಯುವ ದಿನ ಮಾತ್ರ ಒಂದು ಗಂಟೆ ಕಳೆದುಕೊಳ್ಳುತ್ತೇವೆ, ಅಷ್ಟೆ.”