ನೋಡದ ದಿನದ ತುತ್ತು

ಮೃಗಾಲಯಕ್ಕೆ ಹೋದವರು ಟಿಕೆಟ್ ಕೊಳ್ಳುತ್ತಾರೆ, ಪ್ರಾಣಿಗಳನ್ನು ನೋಡುತ್ತಾರೆ, ಮನೆಗೆ ಮರಳುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತು. ಕೆಲವರು ಮಾತ್ರ ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಆ ಬಳಗಕ್ಕೆ ಸೇರಿಕೊಳ್ಳುತ್ತಾರೆ. ಯಾಕೆ?

ಮೈಸೂರಿನವರಾದರೆ ಮಕ್ಕಳನ್ನು ಆಗಾಗ ಕರೆದೊಯ್ಯುವ ಆಸೆ ಎನ್ನಬಹುದು. ರಾಜ್ಯದ ಇನ್ನೊಂದು ತುದಿಯ ಬಸವಕಲ್ಯಾಣ, ಹುಮನಾಬಾದಿನವರಿಗೆ ಆ ಲಾಭವೂ ಇಲ್ಲ. ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದರೆ ಅದೇ ದೊಡ್ಡದು.

1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯಿದೆ. ದತ್ತು ಎಂದರೆ ಪ್ರಾಣಿಯನ್ನು ಮನೆಗೆ ತರುವುದಲ್ಲ. ಅದರ ಮೇವು, ಆರೈಕೆಗೆ ನೆರವಾಗುವುದು. 2021ರ ದರದಂತೆ ವರ್ಷಕ್ಕೆ ಆನೆಗೆ 1.75 ಲಕ್ಷ ರೂಪಾಯಿ, ಲವ್ ಬರ್ಡ್ಸ್‌ಗೆ 1,000 ರೂಪಾಯಿ.

“ಅಷ್ಟು ದೂರ ರೊಕ್ಕ ಕಳಿಸಿದ್ರ ನಮಗೇನ್ ಸಿಗ್ತದ?” ಎಂದು ಬೀದರ್ ಕಡೆಯ ಅಪ್ಪ ಕೇಳಿದರೆ ತಪ್ಪಲ್ಲ. ಶಾಲೆಯ ಫೀಸು, ತೊಗರಿ ಬಿತ್ತನೆಯ ಖರ್ಚಿನ ನಡುವೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ.

ಇದಕ್ಕೆ ಉತ್ತರ ಕೊರೊನಾ ಕಾಲದಲ್ಲಿ ಸಿಕ್ಕಿತು. ಮೃಗಾಲಯದ ಬಾಗಿಲು ಮುಚ್ಚಿತು, ಟಿಕೆಟ್ ಹಣ ನಿಂತಿತು. ಹುಲಿಯ ಹಸಿವು ನಿಲ್ಲಲಿಲ್ಲ. 2021ರ ಜೂನ್‌ನಲ್ಲಿ ನಟ ದರ್ಶನ್ ದತ್ತು ಪಡೆಯಿರೆಂದು ಕರೆ ಕೊಟ್ಟಾಗ, ರಾಜ್ಯದ ಮೃಗಾಲಯಗಳಿಗೆ ಕೆಲವೇ ದಿನಗಳಲ್ಲಿ ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. ಆಗ ಯಾರೂ ಒಳಗೆ ಹೋಗಿ ನೋಡುವಂತಿರಲಿಲ್ಲ. ಟಿಕೆಟ್ ಕೊಳ್ಳುವವರು ನೋಡುವುದಕ್ಕೆ ಹಣ ಕೊಡುತ್ತಾರೆ. ಬಳಗಕ್ಕೆ ಸೇರಿದವರು ನೋಡದ ದಿನಕ್ಕೂ ಕೊಡುತ್ತಾರೆ.

ಕಲ್ಯಾಣದ ನೆಲಕ್ಕೆ ಇದು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಇದನ್ನೇ ದಾಸೋಹವೆಂದರು. ದಾನದಲ್ಲಿ ಕೊಟ್ಟವನು ದೊಡ್ಡವನಾಗಬಹುದು. ದಾಸೋಹದಲ್ಲಿ ಆ ಹಮ್ಮಿಗೆ ಜಾಗವಿಲ್ಲ. ಜಾತ್ರೆಯ ದಾಸೋಹಕ್ಕೆ ಜೋಳದ ಚೀಲ ಕೊಟ್ಟ ರೈತ, ಆ ರೊಟ್ಟಿ ಯಾರ ಎಲೆಗೆ ಬಿತ್ತೆಂದು ಕೇಳುವುದಿಲ್ಲ.

ನಲವತ್ತು ಮಕ್ಕಳ ಒಂದು ತರಗತಿ ತಲಾ 25 ರೂಪಾಯಿ ಕೂಡಿಸಿದರೆ ಸಾವಿರವಾಗುತ್ತದೆ. ಆ ಹಣ ಅಪ್ಪನ ಜೇಬಿನದಾಗದೆ ಮಕ್ಕಳ ಕೈಖರ್ಚಿನದಾದರೆ ಒಳ್ಳೆಯದು. ಬಿಟ್ಟುಕೊಟ್ಟ ಐಸ್‌ಕ್ರೀಮು ಬಹಳ ದಿನ ನೆನಪಿರುತ್ತದೆ.

ಆದರೆ ನಿಜವಾದ ಪರೀಕ್ಷೆ ಮೈಸೂರಿನಲ್ಲಿಲ್ಲ. ಬೀದರ್ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ. ಅವು ಹೊಲಕ್ಕೂ ನುಗ್ಗುತ್ತವೆ, ಪೈರು ಮೇಯುತ್ತವೆ. ಅವಕ್ಕೆ ಟಿಕೆಟ್ಟಿಲ್ಲ, ಹೆಸರಿನ ಫಲಕವಿಲ್ಲ. ದೂರದ ಹಕ್ಕಿಗೆ ಕಾಳು ಕಳಿಸಿದ ಮಗು ಹೊಲದ ಬದುವಿನಲ್ಲಿ ನಿಂತ ಜಿಂಕೆಗೆ ಕಲ್ಲೆತ್ತುವ ಮುನ್ನ ಒಂದು ಗಳಿಗೆ ತಡೆದರೆ, ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಮನೆಯಲ್ಲೇ ಸಿಕ್ಕಂತೆ.