ಐದು ನಿಮಿಷದ ಬೆಲೆ

ಬೆಂಗಳೂರಿಗೆ ಬಂದ ಹೊಸತು. ಬಾಡಿಗೆ ಕಟ್ಟಿ, ಊರಿಗೆ ಕಳಿಸಿದ ಮೇಲೆ ಕೈಯಲ್ಲಿ ಉಳೀತಿದ್ದದ್ದು ಅಷ್ಟಕ್ಕಷ್ಟೇ. ಆದ್ರೂ ನಾಟಕದ ಹುಚ್ಚು ಬಿಡಲಿಲ್ಲ. ಜೆ.ಪಿ. ನಗರದ ರಂಗಶಂಕರ, ಶಂಕರ್ ನಾಗ್ ಕನಸನ್ನು ಅರುಂಧತಿ ನಾಗ್ 2004ರಲ್ಲಿ ನನಸಾಗಿಸಿದ ಜಾಗ. ನಾಟಕ ಶುರುವಾದ್ರೆ ಯಾರಿಗೂ ಪ್ರವೇಶವಿಲ್ಲ. ಒಮ್ಮೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕು ಐದು ನಿಮಿಷ ತಡವಾಯ್ತು. ಊಟ ಬಿಟ್ಟು ಉಳಿಸಿದ ದುಡ್ಡಿನ ಟಿಕೆಟ್ ಜೇಬಲ್ಲೇ ಉಳೀತು. ತಪ್ಪು ನಂದೇ.

ಈಗ ಅರ್ಧ ಗಂಟೆ ಮೊದಲೇ ಹಾಜರ್. ತಿಂಗಳ ಕೊನೆಯಲ್ಲಿ ರವೀಂದ್ರ ಕಲಾಕ್ಷೇತ್ರದ ಕಡೆ ಹೋಗ್ತೀನಿ. ಅಲ್ಲಿ ಎಷ್ಟೋ ನಾಟಕಗಳಿಗೆ ಪ್ರವೇಶ ಉಚಿತ. ಮೊನ್ನೆ ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವಳು, ಮದುವೆಯಾದ ಮೇಲೆ ಒಂದೂ ನೋಡಿರಲಿಲ್ಲ. ಬಸ್ಸಿನಲ್ಲಿ ಕೇಳಿದಳು: “ಮುಂದಿನದು ಯಾವಾಗ್ಲೋ?”